ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ತಂತಿಯ ಸುತ್ತು ಹೆಚ್ಚಿಸಿದರೆ ಹೊಲದ ಮೋಟಾರಿಗೆ ವೋಲ್ಟೇಜ್ ಬರುತ್ತದೆಯೇ?

ಭೀಮಾದಂಡೆ (ಅಫಜಲಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಭೀಮಾ ನದಿಯ ದಂಡೆಗಿದೆ. ಕಬ್ಬು ಹೆಚ್ಚು, ಒಂದಿಷ್ಟು ಉಳ್ಳಾಗಡ್ಡಿ. ಟಿಸಿ ಇರುವುದು ಡಾಂಬರು ರಸ್ತೆಯ ಬದಿಗೆ, ನಮ್ಮ ಮೋಟಾರಿನಿಂದ ಸುಮಾರು 800 ಮೀಟರ್ ಆಚೆ. ಅದರ ತಗಡಿನ ಮೇಲೆ 63 ಕೆವಿಎ, 11000/433 ವೋಲ್ಟ್ ಎಂದು ಬರೆದಿದೆ. ಅಲ್ಲಿಂದ ಹೊರಟ ಲೈನಿನ ಕಟ್ಟಕಡೆಯ ಕಂಬ ನಮ್ಮದು. ಆ ತುದಿಯಲ್ಲೇ ಐದು ಎಚ್‌ಪಿಯ ಆರು ಮೋಟಾರುಗಳಿವೆ.

ಮೂರು ಫೇಸ್ ಬಂದ ಕೂಡಲೇ ಎಲ್ಲರೂ ಓಡಿಹೋಗಿ ಹಸಿರು ಗುಂಡಿ ಒತ್ತುತ್ತಾರೆ. ಮೊದಲು ಒತ್ತಿದವನಿಗೆ ನೀರು, ಕೊನೆಗೆ ಒತ್ತಿದವನಿಗೆ ಗುಂಯ್ ಎನ್ನುವ ಸದ್ದು. ನನ್ನ ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್ ಮೀಟರಿನ ಮುಳ್ಳು 330ರ ಹತ್ತಿರ ನಿಂತು ನಡುಗುತ್ತದೆ. ಬೇಸಿಗೆಯಲ್ಲಿ ಮೋಟಾರು ಸುಟ್ಟು ವೈಂಡಿಂಗ್ ಅಂಗಡಿಗೆ ಹೋಗಿ ಬಂದದ್ದೂ ಆಯಿತು.

ಈಗ ನಮ್ಮ ಕಡೆಗೆ ಬಂದುಹೋಗುವ ಒಬ್ಬ ರಿಪೇರಿಯವರು ಒಂದು ಉಪಾಯ ಹೇಳಿದ್ದಾರೆ. ಮುಂದಿನ ಸಲ ಟಿಸಿ ಸುಟ್ಟು ರಿಪೇರಿಗೆ ಇಳಿದಾಗ ಎಲ್‌ವಿ (ಕಡಿಮೆ ವೋಲ್ಟೇಜಿನ ಕಡೆಯ) ವೈಂಡಿಂಗಿಗೆ ಎಂಟು ಸುತ್ತು ಹೆಚ್ಚಿಗೆ ಹಾಕಿಸಿಬಿಡಿ, ಎಲ್ಲರ ಮೋಟಾರೂ ಓಡುತ್ತವೆ ಎನ್ನುತ್ತಾರೆ. ಅಕ್ಕಪಕ್ಕದ ಹೊಲದವರು ಹಣ ಕೂಡಿಸಲು ಹೊರಟಿದ್ದಾರೆ. ಓದಿದವನು ಎಂದು ನನ್ನನ್ನು ಕೇಳಿದರು. ಪಿಯುಸಿಯಲ್ಲಿ ಕಲಿತದ್ದು ನೆನಪಿದೆ: ಸುತ್ತುಗಳ ಅನುಪಾತವೇ ವೋಲ್ಟೇಜುಗಳ ಅನುಪಾತ. ಆ ಸೂತ್ರದ ಪ್ರಕಾರ ರಿಪೇರಿಯವರ ಮಾತು ಸರಿಯೇ ಅಲ್ಲವೇ? ಹಾಗಾದರೆ ಎಂಟೇ ಏಕೆ, ಇಪ್ಪತ್ತು ಏಕೆ ಬೇಡ? ಇನ್ನೊಂದು ಮಾತು. ಅದೇ ಟಿಸಿಯಿಂದ ರಸ್ತೆಯ ಬದಿಯ ಹೊಲಗಳಲ್ಲಿರುವ ಮೂರು ಮನೆಗಳಿಗೂ ದೀಪದ ಲೈನ್ ಹೋಗಿದೆ.

ಹೊಸಮೋಟಾರ್ (ಭಾಲ್ಕಿ)

63 ತೆಗೆದು 100 ಕೆವಿಎ ಹಾಕಿಸಿ. ಮುಗಿಯಿತು.

ಹಳೆಯ ವೈಂಡರ್ (ಶಹಾಬಾದ್)

ಮುಗಿಯುವುದಿಲ್ಲ. 100 ಕೆವಿಎ ಟಿಸಿಯ ತಗಡಿನ ಮೇಲೂ 11000/433 ಎಂದೇ ಇರುತ್ತದೆ. ಕೆವಿಎ ಎಂದರೆ ಎಷ್ಟು ಹೊರೆ ಹೊರುತ್ತದೆ ಎಂಬುದು, ಎಷ್ಟು ವೋಲ್ಟ್ ಕೊಡುತ್ತದೆ ಎಂಬುದಲ್ಲ.

ತಮ್ಮಾ ಭೀಮಾದಂಡೆ, ಆ ರಿಪೇರಿಯವರಿಗೆ ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡ. ನನ್ನ ಅರ್ಧ ಆಯುಷ್ಯ ಟಿಸಿ ಬಿಚ್ಚಿ ಕಟ್ಟುವುದರಲ್ಲೇ ಕಳೆದಿದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ನೀನು ಕಲಿತ ಸೂತ್ರ ಸರಿ. ಅವರು ಅದನ್ನು ಅನ್ವಯಿಸಿದ ಜಾಗ ತಪ್ಪು.

ಮೊದಲು ಟಿಸಿಯ ಹೊಟ್ಟೆಯೊಳಗೆ ಏನಿದೆ ಎಂದು ನೋಡು. ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಚೈನ್ ಪುಲಿ ಹಾಕಿ ಮೇಲೆತ್ತಿದರೆ ಮೂರು ಕಾಲಿನ ಕಬ್ಬಿಣದ ಕೋರ್ ಕಾಣುತ್ತದೆ. ಅದು ಗಟ್ಟಿ ಕಬ್ಬಿಣವಲ್ಲ. ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ತೆಳುವಾದ ಸಿಲಿಕಾನ್ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಒಟ್ಟಿರುತ್ತಾರೆ. ಪ್ರತಿ ಕಾಲಿನ ಮೇಲೆ ಎರಡು ವೈಂಡಿಂಗ್. ಕೋರಿಗೆ ಹತ್ತಿಕೊಂಡು ಒಳಗಡೆ ಎಲ್‌ವಿ, ಅದನ್ನು ಸುತ್ತುವರಿದು ಹೊರಗಡೆ ಎಚ್‌ವಿ, ಅಂದರೆ ಹೆಚ್ಚು ವೋಲ್ಟೇಜಿನದು. ಎಲ್‌ವಿ ಎಂದರೆ ಕಾಗದ ಸುತ್ತಿದ ದಪ್ಪ ಪಟ್ಟಿ. ಅದನ್ನು ಬಗ್ಗಿಸಲು ಮರದ ಸುತ್ತಿಗೆ ಬೇಕು. ಎಚ್‌ವಿ ಎಂದರೆ ಒಂದು ಮಿಲಿಮೀಟರಿಗಿಂತ ತುಸು ದಪ್ಪದ ತಂತಿ, ಸಾವಿರಾರು ಸುತ್ತು, ಪದರ ಪದರಕ್ಕೆ ಕಾಗದ. ಎರಡೂ ಒಂದನ್ನೊಂದು ಎಲ್ಲಿಯೂ ಮುಟ್ಟುವುದಿಲ್ಲ. ಮುಟ್ಟಿದ ದಿನ ಆ ಟಿಸಿ ನನ್ನ ಅಂಗಡಿಗೆ ಬರುತ್ತದೆ.

ಲೆಕ್ಕ ಹೀಗೆ. ಎಚ್‌ವಿಯನ್ನು ಡೆಲ್ಟಾದಲ್ಲಿ, ಅಂದರೆ ಮೂರು ವೈಂಡಿಂಗುಗಳನ್ನು ತ್ರಿಕೋನವಾಗಿ, ಜೋಡಿಸಿರುತ್ತಾರೆ, ಆದ್ದರಿಂದ ಪ್ರತಿ ಕಾಲಿನ ಎಚ್‌ವಿಗೆ ಪೂರ್ತಿ 11,000 ವೋಲ್ಟ್. ಎಲ್‌ವಿಯನ್ನು ಸ್ಟಾರ್‌ನಲ್ಲಿ, ಅಂದರೆ ಮೂರರ ಒಂದೊಂದು ತುದಿಯನ್ನು ನ್ಯೂಟ್ರಲ್‌ನಲ್ಲಿ ಸೇರಿಸಿ, ಜೋಡಿಸಿರುತ್ತಾರೆ. ಫೇಸಿನಿಂದ ಫೇಸಿಗೆ 433 ಬರಬೇಕಾದರೆ ಫೇಸಿನಿಂದ ನ್ಯೂಟ್ರಲ್‌ಗೆ 250 ಬೇಕು. ಹಾಗಾಗಿ ಒಂದು ಕಾಲಿನ ಮೇಲಿನ ಅನುಪಾತ 11,000ಕ್ಕೆ 250, ಅಂದರೆ 44ಕ್ಕೆ 1. 11,000ವನ್ನು 433ರಿಂದ ಭಾಗಿಸಿ 25 ಎನ್ನುವವರು ಬಹಳ ಮಂದಿ. ಆ ಲೆಕ್ಕದಲ್ಲಿ ಕಟ್ಟಿದ ಟಿಸಿಯನ್ನು ಚಾರ್ಜ್ ಮಾಡಿದರೆ ಬೀದಿಯ ಬಲ್ಬುಗಳೆಲ್ಲ ಒಡೆಯುತ್ತವೆ. ಎಲ್‌ವಿಗೆ 70 ಸುತ್ತು ಎಂದಿಟ್ಟುಕೋ, 63 ಕೆವಿಎಗೆ ಅದು ಒಪ್ಪುವ ಅಂಕಿ. ಎಚ್‌ವಿಗೆ 70 ಗುಣಿಸು 44, ಅಂದರೆ 3,080. ಈಗ 11,000ವನ್ನು 3,080ರಿಂದ ಭಾಗಿಸು: ಒಂದು ಸುತ್ತಿಗೆ 3.57 ವೋಲ್ಟ್. 250ನ್ನು 70ರಿಂದ ಭಾಗಿಸು: ಅದೇ 3.57. ಗುಟ್ಟೆಲ್ಲ ಇಷ್ಟೇ. ಒಂದೇ ಕೋರನ್ನು ಸುತ್ತಿದ ಪ್ರತಿ ಸುತ್ತಿಗೂ, ಅದು ಒಳಗಿನದಿರಲಿ ಹೊರಗಿನದಿರಲಿ, ದಪ್ಪವಿರಲಿ ತೆಳುವಿರಲಿ, ಸಮಪಾಲು.

ಸುತ್ತುಗಳನ್ನು ಅರ್ಧ, ಕಾಲು ಎಂದು ಹಾಕಲು ಬರುವುದಿಲ್ಲ. ಅದಕ್ಕೇ ನಾವು ಮೊದಲು ಎಲ್‌ವಿಯ ಸುತ್ತನ್ನು ನಿಗದಿ ಮಾಡಿ, ಆಮೇಲೆ ಎಚ್‌ವಿಯನ್ನು ಹೊಂದಿಸುತ್ತೇವೆ. ಎಚ್‌ವಿಯಲ್ಲಿ ಒಂದೆರಡು ಸುತ್ತು ಆಚೀಚೆ ಆದರೆ ಯಾರಿಗೂ ತಿಳಿಯುವುದಿಲ್ಲ. ಎಲ್‌ವಿಯಲ್ಲಿ ಒಂದೇ ಒಂದು ಸುತ್ತು ತಪ್ಪಿದರೂ ನೂರಕ್ಕೆ 1.4ರಷ್ಟು ವ್ಯತ್ಯಾಸ, ಅನುಪಾತದಲ್ಲಿ ಒಪ್ಪುವ ವ್ಯತ್ಯಾಸ ನೂರಕ್ಕೆ ಅರ್ಧ ಮಾತ್ರ. ಹುಡುಗರು ಮೊಬೈಲ್ ನೋಡುತ್ತ ಎಲ್‌ವಿ ಸುತ್ತಿದರೆ ನಾನು ಬೈಯುವುದು ಇದಕ್ಕೇ. ಕಟ್ಟಿ ಮುಗಿದ ಮೇಲೆ ಎಚ್‌ವಿಗೆ ಅಂಗಡಿಯ ಮೂರು ಫೇಸಿನ 415 ವೋಲ್ಟ್ ಕೊಟ್ಟು ಎಲ್‌ವಿಯಲ್ಲಿ ಮೀಟರ್ ಹಿಡಿಯುತ್ತೇವೆ. ಫೇಸಿನಿಂದ ಫೇಸಿಗೆ 16.3 ವೋಲ್ಟ್ ತೋರಿಸಬೇಕು, ಮೂರೂ ಜೋಡಿಗಳಲ್ಲಿ. ಒಂದು ಜೋಡಿ ಬೇರೆ ತೋರಿಸಿತೋ, ಮತ್ತೆ ಬಿಚ್ಚು.

ಇನ್ನು ನಿಮ್ಮ ಎಂಟು ಸುತ್ತು. 70 ಇದ್ದದ್ದು 78 ಆದರೆ ಫೇಸಿಗೆ 278 ವೋಲ್ಟ್, ಫೇಸಿನಿಂದ ಫೇಸಿಗೆ 482. ಯಾವಾಗ? ಮೋಟಾರುಗಳೆಲ್ಲ ನಿಂತಿರುವಾಗ. ಆಗ ರಸ್ತೆಬದಿಯ ಆ ಮೂರು ಮನೆಗಳ ಟಿವಿ, ಫ್ಯಾನು, ಮೊಬೈಲ್ ಚಾರ್ಜರುಗಳ ಗತಿ ಏನು? ರಿಪೇರಿಯವರು ಆ ಮನೆಗಳ ಮುಂದೆ ನಿಂತು ಇದೇ ಉಪಾಯ ಹೇಳಲಿ ನೋಡೋಣ. ಹೋಗಲಿ, ಎಲ್‌ವಿಯನ್ನು ಮುಟ್ಟದೆ ಎಚ್‌ವಿಯ ಸುತ್ತು ಕಡಿಮೆ ಮಾಡೋಣ ಎಂದು ಇನ್ನೊಬ್ಬರು ಬರುತ್ತಾರೆ. ಸುತ್ತು ಕಡಿಮೆಯಾದರೆ ಪ್ರತಿ ಸುತ್ತಿನ ಪಾಲು ಹೆಚ್ಚುತ್ತದೆ, ಅಂದರೆ ಕೋರು ಅಷ್ಟು ಹೆಚ್ಚು ಅಯಸ್ಕಾಂತವಾಗಬೇಕು. ಕೋರಿಗೂ ಒಂದು ಮಿತಿ ಇದೆ. ಅದನ್ನು ದಾಟಿದರೆ ಹೊರೆ ಇಲ್ಲದಿದ್ದರೂ ಕಾಯುತ್ತದೆ, ಗುಂಗುಡುತ್ತದೆ.

ನೂರಕ್ಕೆ ಎರಡೂವರೆ, ಐದರಷ್ಟು ಹೀಗೆ ಹೊಂದಿಸಿಕೊಳ್ಳಲು ದೊಡ್ಡ ಟಿಸಿಗಳಲ್ಲಿ ಟ್ಯಾಪ್ ಸ್ವಿಚ್ ಇರುತ್ತದೆ. 11,000, 10,725, 10,450 ಎಂದು ಗುರುತು ಇರುತ್ತದೆ. ಲೈನೇ ಸೊರಗಿ 10,450 ಬರುತ್ತಿದ್ದರೆ ಆ ಗುರುತಿಗೆ ತಿರುಗಿಸಬೇಕು, ಆಗ ಎಲ್‌ವಿಯಲ್ಲಿ 433 ಉಳಿಯುತ್ತದೆ. ಎಚ್‌ವಿಯ ಸುತ್ತು ಇಳಿದಷ್ಟೂ ಎಲ್‌ವಿಯ ವೋಲ್ಟೇಜ್ ಏರುತ್ತದೆ ಎಂಬುದು ಹೊಸ ಹುಡುಗರಿಗೆ ಬೇಗ ತಲೆಗೆ ಹೋಗುವುದಿಲ್ಲ. ಅದನ್ನು ತಿರುಗಿಸುವುದೂ ಲೈನ್ ಪೂರ್ತಿ ಬಂದ್ ಮಾಡಿದ ಮೇಲೆಯೇ, ಕಚೇರಿಯವರೇ. ನಿಮ್ಮ 63ರಲ್ಲಿ ಬಹುಶಃ ಆ ಸ್ವಿಚ್ಚೇ ಇರಲಿಕ್ಕಿಲ್ಲ.

ಹಾಗಾದರೆ 433 ಎಲ್ಲಿ ಹೋಯಿತು? ತಂತಿಯಲ್ಲಿ. ಆರು ಮೋಟಾರುಗಳೂ ತುದಿಯಲ್ಲಿವೆ ಎನ್ನುತ್ತೀಯ. ನಾರಾಯಣಪುರದ ಕಾಲುವೆಯ ಕೊನೆಯ ಹೊಲದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗೇಟಿನಲ್ಲಿ ಎಷ್ಟು ಬಿಟ್ಟರು ಎಂಬುದಕ್ಕಿಂತ ದಾರಿಯಲ್ಲಿ ಎಷ್ಟು ಕಳೆಯಿತು ಎಂಬುದೇ ಅವರ ಕಥೆ. ಅನುಪಾತ ಹೊರೆ ನೋಡಿ ಬದಲಾಗುವುದಿಲ್ಲ, ಹಗಲೂ ರಾತ್ರಿಯೂ ಅದೇ 44. ತಂತಿಯಲ್ಲಿ ಕಳೆಯುವ ವೋಲ್ಟೇಜ್ ಮಾತ್ರ ಹರಿಯುವ ಆಂಪಿಯರಿಗೆ ತಕ್ಕಂತೆ ಏರಿಳಿಯುತ್ತದೆ. ಏರಿಳಿಯುವ ರೋಗಕ್ಕೆ ಏರಿಳಿಯದ ಮದ್ದು ಕೊಟ್ಟರೆ ಒಂದು ಹೊತ್ತು ಕಡಿಮೆ, ಇನ್ನೊಂದು ಹೊತ್ತು ವಿಷ.

ನನಗೆ ಮೂರು ಅಂಕಿ ಬೇಕು. ಎಲ್ಲ ಮೋಟಾರು ನಿಂತಿರುವಾಗ ಟಿಸಿಯ ಕೆಳಗಿನ ಪೆಟ್ಟಿಗೆಯಲ್ಲಿ ಎಷ್ಟು, ಆರೂ ಓಡುವಾಗ ಅಲ್ಲಿಯೇ ಎಷ್ಟು, ಆರೂ ಓಡುವಾಗ ನಿನ್ನ ಸ್ಟಾರ್ಟರಿನಲ್ಲಿ ಎಷ್ಟು. ಟಿಸಿಯ ಅಂಕಿಗಳನ್ನು ಲೈನ್‌ಮ್ಯಾನ್ ಕೈಯಿಂದಲೇ ಅಳತೆ ಮಾಡಿಸು. ನೀನು ಪೆಟ್ಟಿಗೆಗೆ ಕೈ ಹಾಕಬೇಡ. ಕಂಬಗಳ ಮೇಲಿನ ತಂತಿ ತೆಳು ಜಾತಿಯ ವೀಸೆಲ್ಲೋ, ಅದಕ್ಕಿಂತ ದಪ್ಪನೆಯ ರ‍್ಯಾಬಿಟ್ಟೋ ಎಂದೂ ಅವರನ್ನೇ ಕೇಳು.

ಬೀದರ್‌ಮಾಸ್ತರ (ಬೀದರ್)

ವೈಂಡರ್ ಅವರ ಬರಹ ಓದಿ ಸಂತೋಷವಾಯಿತು. ಭೌತಶಾಸ್ತ್ರ ಕಲಿಸುವವನಾಗಿ ನಾನು ಒಂದೇ ಜಾಗದಲ್ಲಿ ಸೇರಿಸಬಯಸುತ್ತೇನೆ: ಪ್ರತಿ ಸುತ್ತಿಗೂ ಸಮಪಾಲು ಏಕೆ ಎಂಬಲ್ಲಿ.

ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ದಿಕ್ಸೂಚಿಯ ಮುಳ್ಳು ಜೋಡಿಸಿ ನೋಡಿದರು. ಬ್ಯಾಟರಿ ಸೇರಿಸಿದ ಕ್ಷಣ ಮುಳ್ಳು ಅಲುಗಿತು, ಮತ್ತೆ ಸ್ವಸ್ಥಾನಕ್ಕೆ ಬಂತು. ತೆಗೆದ ಕ್ಷಣ ವಿರುದ್ಧ ದಿಕ್ಕಿಗೆ ಅಲುಗಿತು. ನಡುವೆ ಬ್ಯಾಟರಿ ಜೋಡಿಸಿದ್ದರೂ ಏನೂ ಆಗಲಿಲ್ಲ. ಕಬ್ಬಿಣದೊಳಗಿನ ಕಾಂತೀಯ ಅಭಿವಾಹ (ಅದರೊಳಗೆ ಹಾಯುವ ಅಯಸ್ಕಾಂತತೆಯ ಮೊತ್ತ) ಬದಲಾಗುತ್ತಿರುವಾಗ ಮಾತ್ರ ಅದನ್ನು ಸುತ್ತುವರಿದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಒಂದು ಸುತ್ತಿನಲ್ಲಿ ಹುಟ್ಟುವುದು ಬದಲಾವಣೆಯ ವೇಗದಷ್ಟು. ಎಲ್ಲ ಸುತ್ತುಗಳೂ ಅದೇ ಅಭಿವಾಹವನ್ನು ಸುತ್ತುವರಿದಿರುವುದರಿಂದ ಎಲ್ಲಕ್ಕೂ ಒಂದೇ ಪಾಲು, ಸುತ್ತುಗಳು ಸರಣಿಯಲ್ಲಿರುವುದರಿಂದ ಪಾಲುಗಳು ಕೂಡಿಕೊಳ್ಳುತ್ತವೆ. ನಮ್ಮ ಲೈನಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆ ಹಾಕುತ್ತದೆ, ಆದ್ದರಿಂದ ಬದಲಾವಣೆ ನಿಲ್ಲುವುದೇ ಇಲ್ಲ.

ವೈಂಡರ್ ಅವರು ಕೊಟ್ಟ 3.57 ವೋಲ್ಟ್‌ನಿಂದಲೇ ಕೋರಿನ ಗಾತ್ರವನ್ನು ಹೇಳಬಹುದು. ಒಂದು ಸುತ್ತಿನ ವೋಲ್ಟೇಜ್ ಎಂದರೆ 4.44 ಗುಣಿಸು 50 ಗುಣಿಸು ಅಭಿವಾಹದ ಗರಿಷ್ಠ ಬೆಲೆ. ಅಭಿವಾಹ 0.016 ವೆಬರ್ ಬರುತ್ತದೆ. ಸಿಲಿಕಾನ್ ಉಕ್ಕನ್ನು 1.6 ಟೆಸ್ಲಾದವರೆಗೆ ಬಳಸುತ್ತಾರೆ ಎಂದರೆ, ಕೋರಿನ ಕಾಲಿನ ಅಡ್ಡಕೊಯ್ತ ಸುಮಾರು 100 ಚದರ ಸೆಂಟಿಮೀಟರ್ ಇರಬೇಕು. ನಾನು ಟಿಸಿಯನ್ನು ಬಿಚ್ಚಿ ನೋಡಿದವನಲ್ಲ; ಸರಿಯೇ ಎಂದು ವೈಂಡರ್ ಅವರು ಹೇಳಲಿ.

ಮುಚ್ಚಿದ ಕೋರಿನ, ಇಂದಿನ ಮಾದರಿಯ ಟ್ರಾನ್ಸ್‌ಫಾರ್ಮರ್ 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯಲ್ಲಿ ರೂಪುಗೊಂಡಿತು; ಜಿಪರ್ನೊವ್‌ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಎಂಜಿನಿಯರುಗಳ ಕೆಲಸ. ಅದಾಗಿ 17 ವರ್ಷಕ್ಕೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳವರೆಗೆ ಹೋಯಿತು. ವೋಲ್ಟೇಜನ್ನು ಏರಿಸಿ ಕಳಿಸಿ, ಆ ತುದಿಯಲ್ಲಿ ಇಳಿಸಿಕೊಳ್ಳುವ ಈ ಉಪಾಯವಿಲ್ಲದಿದ್ದರೆ ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳಿಸುವುದು ಆಗದ ಮಾತಾಗಿತ್ತು.

ಸಗರನಾಡಿನ ಹುಡುಗಿ (ಶಹಾಪುರ)

ನಾನು ದ್ವಿತೀಯ ಪಿಯುಸಿ. ಮಾಸ್ತರರಿಗೆ ಒಂದು ಪ್ರಶ್ನೆ, ಕಾಕಾ ಅವರಿಗೆ ಒಂದು. ಎಚ್‌ವಿ ಎಂದರೂ ಅದು ಒಂದು ಉದ್ದನೆಯ ಲೋಹದ ತಂತಿ ಅಷ್ಟೇ ತಾನೇ? ಅದಕ್ಕೆ 11,000 ವೋಲ್ಟ್ ಕೊಟ್ಟರೆ ಶಾರ್ಟ್ ಆಗಿ ಏಕೆ ಸುಡುವುದಿಲ್ಲ? ಎರಡನೆಯದು. ನಮ್ಮ ಊರಿನಲ್ಲಿ ಮಳೆಗಾಳಿ ಬಂದಾಗ ಕೆಲವು ಸಲ ಒಂದು ಸಾಲಿನ ಮನೆಗಳಲ್ಲಿ ದೀಪ ಚೆನ್ನಾಗಿ ಉರಿಯುತ್ತದೆ, ಉಳಿದ ಎರಡು ಸಾಲುಗಳಲ್ಲಿ ಮಂಕಾಗಿರುತ್ತದೆ. ಪೂರ್ತಿ ಹೋಗುವುದೂ ಇಲ್ಲ. ಹೀಗೇಕೆ?

ಬೀದರ್‌ಮಾಸ್ತರ (ಬೀದರ್)

ಮೊದಲನೆಯದು ಬಹಳ ಒಳ್ಳೆಯ ಪ್ರಶ್ನೆ, ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ದಾಟಿಬಿಡುವಂಥದ್ದು. ಆ 3,080 ಸುತ್ತಿನ ತಂತಿಯ ರೋಧ ಐವತ್ತು ಓಮ್ ಎಂದಿಟ್ಟುಕೊಳ್ಳಮ್ಮ. ನೇರ ವಿದ್ಯುತ್ತಾಗಿದ್ದರೆ 220 ಆಂಪಿಯರ್ ಹರಿದು ಕ್ಷಣದಲ್ಲಿ ಕರಗುತ್ತಿತ್ತು. ಪರ್ಯಾಯ ವಿದ್ಯುತ್ತು ಹಾಗಲ್ಲ. ಎಲ್‌ವಿಯ ಪ್ರತಿ ಸುತ್ತಿನಲ್ಲಿ 3.57 ವೋಲ್ಟ್ ಹುಟ್ಟಿಸುವ ಅದೇ ಅಭಿವಾಹ ಎಚ್‌ವಿಯ ತನ್ನದೇ ಪ್ರತಿ ಸುತ್ತಿನಲ್ಲೂ ಅಷ್ಟನ್ನೇ ಹುಟ್ಟಿಸುತ್ತದೆ, ಬಂದ ವೋಲ್ಟೇಜಿಗೆ ಎದುರಾಗಿ. 3,080 ಸುತ್ತುಗಳ ಎದುರು ವೋಲ್ಟೇಜ್ ಕೂಡಿದರೆ ಹೆಚ್ಚುಕಡಿಮೆ ಅದೇ 11,000. ಉಳಿದ ಚೂರು ವ್ಯತ್ಯಾಸದಲ್ಲಿ ಕೋರನ್ನು ಅಯಸ್ಕಾಂತವಾಗಿಸಲು ಬೇಕಾದಷ್ಟು ಪ್ರವಾಹ ಮಾತ್ರ ಹರಿಯುತ್ತದೆ. ಎಲ್‌ವಿಯಲ್ಲಿ ಯಾರಾದರೂ ಮೋಟಾರು ಹಚ್ಚಿದಾಗ ಆ ಪ್ರವಾಹ ಕೋರಿನ ಅಭಿವಾಹವನ್ನು ಕುಗ್ಗಿಸಲು ಹೋಗುತ್ತದೆ, ಎದುರು ವೋಲ್ಟೇಜ್ ತುಸು ಇಳಿಯುತ್ತದೆ, ಎಚ್‌ವಿ ಕೂಡಲೇ ಹೆಚ್ಚು ಪ್ರವಾಹ ಎಳೆದು ಸರಿಮಾಡಿಕೊಳ್ಳುತ್ತದೆ. ಮುಟ್ಟದೆಯೇ ಆ ಕಡೆಯ ಸುದ್ದಿ ಈ ಕಡೆಗೆ ತಲುಪುವುದು ಹೀಗೆ.

ಹಳೆಯ ವೈಂಡರ್ (ಶಹಾಬಾದ್)

ಮಾಸ್ತರರೇ, ನಿಮ್ಮ ಲೆಕ್ಕ ನಮ್ಮ ಟೇಪಿಗೆ ಹೊಂದುತ್ತದೆ. 63ರ ಕೋರಿನ ಕಾಲು ಹನ್ನೆರಡು ಸೆಂಟಿಮೀಟರ್ ವ್ಯಾಸದ ಆಸುಪಾಸು. ಹಾಳೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ದುಂಡಗೆ ಮಾಡುವುದರಿಂದ ಉಕ್ಕು ನಿಂತ ಜಾಗ ನೂರು ಚದರ ಸೆಂಟಿಮೀಟರೇ ಬರುತ್ತದೆ. ಕುಳಿತಲ್ಲೇ ಹೇಳಿದಿರಿ, ಭಲೇ.

ತಂಗಿ, ನಿನ್ನ ಎರಡನೆಯ ಪ್ರಶ್ನೆ ಎಚ್‌ಜಿ ಫ್ಯೂಸಿನದು. ಗಾಳಿಗೆ 11 ಕೆವಿ, ಅಂದರೆ 11,000 ವೋಲ್ಟ್ ಕಡೆಯ ಮೂರು ಫ್ಯೂಸುಗಳಲ್ಲಿ ಒಂದು ಹೋಗಿರುತ್ತದೆ. ಡೆಲ್ಟಾ ಎಂದರೆ ಮೂರು ವೈಂಡಿಂಗುಗಳು ತ್ರಿಕೋನವಾಗಿ ಸೇರಿರುತ್ತವೆ. ಒಂದು ಮೂಲೆಗೆ ವಿದ್ಯುತ್ತು ಬರದಿದ್ದರೆ, ಉಳಿದ ಎರಡು ಮೂಲೆಗಳ ನಡುವಿನ ವೈಂಡಿಂಗಿಗೆ ಪೂರ್ತಿ 11,000 ಸಿಗುತ್ತದೆ. ಇನ್ನೆರಡು ವೈಂಡಿಂಗುಗಳು ಒಂದರ ಹಿಂದೊಂದು ನಿಂತು ಅದೇ 11,000ವನ್ನು ಹಂಚಿಕೊಳ್ಳುತ್ತವೆ. ಅರ್ಧ ಅರ್ಧ. ಅನುಪಾತ ಅದೇ 44 ಇರುವುದರಿಂದ ಎಲ್‌ವಿಯಲ್ಲಿ ಒಂದು ಫೇಸಿಗೆ 250, ಎರಡಕ್ಕೆ 125ರ ಸುಮಾರು. ಹೊರೆ ನೋಡಿಕೊಂಡು ಸ್ವಲ್ಪ ಹೆಚ್ಚುಕಡಿಮೆ. ಈ ಹೊತ್ತಿನಲ್ಲಿ ಫ್ರಿಜ್ಜನ್ನೂ ಮೋಟಾರನ್ನೂ ಬಂದ್ ಮಾಡಿಬಿಡಬೇಕು. ಆದರೆ ಕೆಲವು ಮನೆಗಳಲ್ಲಿ ಮಂಕು, ಕೆಲವು ಮನೆಗಳಲ್ಲಿ ಕಣ್ಣು ಕುಕ್ಕುವಷ್ಟು ಪ್ರಖರ ಎಂದಾದರೆ ಅದು ಬೇರೆಯದೇ ರೋಗ: ನ್ಯೂಟ್ರಲ್ ಕಡಿದಿದೆ. ಆಗ ಮೊದಲು ಮೇನ್ ಇಳಿಸು, ಆಮೇಲೆ ಲೈನ್‌ಮ್ಯಾನ್‌ಗೆ ಫೋನ್ ಮಾಡು.

ಫ್ಯೂಸಿನ ಮಾತು ಬಂದದ್ದಕ್ಕೆ ಇನ್ನೊಂದು. ಇಲ್ಲಿ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಅನುಪಾತಕ್ಕೆ ಒಂದೇ ದಿಕ್ಕು ಎಂದಿಲ್ಲ. ಮದುವೆ ಮನೆಯಲ್ಲಿ ಜನರೇಟರ್ ಹಚ್ಚಿ, ಮೇನ್ ಇಳಿಸದೆ, ಮನೆಯ ವೈರಿಂಗಿಗೇ ನೇರವಾಗಿ ಕೊಡುವವರಿದ್ದಾರೆ. ಆ 230 ವೋಲ್ಟ್ ಸರ್ವೀಸ್ ತಂತಿ ಹಿಡಿದು ಟಿಸಿಯ ಎಲ್‌ವಿಗೆ ಹೋಗುತ್ತದೆ. ಎಚ್‌ವಿಯಲ್ಲಿ ಅದನ್ನು 44ರಿಂದ ಗುಣಿಸಿ ನೋಡು: ಹತ್ತು ಸಾವಿರಕ್ಕೂ ಮೇಲೆ. ಲೈನ್ ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಕೈಗೆ ಸಿಗುವುದು ಅದು. ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಹಾಕಿಸದೆ ಜನರೇಟರ್ ಹಚ್ಚುವ ಮನೆಯ ಊಟಕ್ಕೆ ನಾನು ಹೋಗುವುದಿಲ್ಲ, ನೆಂಟರಾದರೂ ಸರಿ.

ಭೀಮಾದಂಡೆ (ಅಫಜಲಪುರ ತಾಲ್ಲೂಕು)

ಕಾಕಾ, ಲೈನ್‌ಮ್ಯಾನ್ ಅಣ್ಣನವರನ್ನು ಕರೆಸಿ ಅಳತೆ ಮಾಡಿಸಿದೆ. ಎಲ್ಲ ಮೋಟಾರು ನಿಂತಿರುವಾಗ ಟಿಸಿಯಲ್ಲಿ 428. ಆರೂ ಓಡುವಾಗ, ದಾರಿಯ ಮೇಲಿನ ಬೇರೆಯವರದೂ ಒಂದೆರಡು ಓಡುತ್ತಿದ್ದಾಗ, ಟಿಸಿಯಲ್ಲಿ 405. ಅದೇ ಹೊತ್ತಿಗೆ ನನ್ನ ಸ್ಟಾರ್ಟರಿನಲ್ಲಿ 332. ತಂತಿ ವೀಸೆಲ್ ಎಂದರು. ಅವರ ಹತ್ತಿರ ಇಕ್ಕಳದಂತೆ ತಂತಿಯನ್ನು ಹಿಡಿಯುವ ಮೀಟರೂ ಇತ್ತು. ನಮ್ಮ ಕಡೆಯ ತಂತಿಯಲ್ಲಿ 57 ಆಂಪಿಯರ್ ತೋರಿಸಿತು.

ರಿಪೇರಿಯವರಿಗೆ ಈ ಅಂಕಿ ಹೇಳಿದರೆ, ‘ನೋಡಿ, ಟಿಸಿಯೇ 428ರಿಂದ 405ಕ್ಕೆ ಬಿದ್ದಿದೆ, ಸುತ್ತು ಸಾಲದು’ ಎಂದರು.

ಹಳೆಯ ವೈಂಡರ್ (ಶಹಾಬಾದ್)

ಅವರಿಗೆ ಹೇಳು: ಹೊರೆ ಹೊತ್ತ ಟಿಸಿ 433 ತೋರಿಸಿದರೇ ನಾನು ಅನುಮಾನ ಪಡುತ್ತೇನೆ. ಪೂರ್ತಿ ಹೊರೆಯಲ್ಲಿ 63 ಕೆವಿಎ ಟಿಸಿ ತನ್ನೊಳಗೇ ಹದಿನೈದು ಹದಿನಾರು ವೋಲ್ಟ್ ಕಳೆದುಕೊಳ್ಳುವುದು ಸಹಜ. ಅದು ಗೊತ್ತಿದ್ದೇ 415 ಬೇಕಾದಲ್ಲಿ 433ಕ್ಕೆ ಕಟ್ಟುತ್ತಾರೆ. ಮಿಕ್ಕ ಏಳೆಂಟು ವೋಲ್ಟ್ 11 ಕೆವಿ ಲೈನ್ ಸೊರಗಿದ್ದು. ಟಿಸಿಯ ಮೇಲೆ ದೂರಿಲ್ಲ. ಟಿಸಿಯಿಂದ ಹೊಲಕ್ಕೆ ಬರುವಷ್ಟರಲ್ಲಿ ಹೋದ 73 ವೋಲ್ಟೇ ಕಳ್ಳ.

ವೀಸೆಲ್ ತಂತಿ ಎಂದರೆ ಕಿಲೋಮೀಟರಿಗೆ 0.9 ಓಮ್. ನಿನ್ನ 800 ಮೀಟರಿಗೆ ಒಂದೊಂದು ತಂತಿಯಲ್ಲೂ 0.72 ಓಮ್. 57 ಆಂಪಿಯರ್ ಹರಿದರೆ ಮೂರು ತಂತಿಗಳಲ್ಲಿ ಸೇರಿ ಶಾಖವಾಗಿ ಹೋಗುವುದು ಏಳು ಕಿಲೋವ್ಯಾಟ್. ಒಂದು ಐದು ಎಚ್‌ಪಿ ಮೋಟಾರಿನ ದುಡಿಮೆ 3.7 ಕಿಲೋವ್ಯಾಟ್. ನೀವು ಆರು ಮಂದಿ ಸೇರಿ ಎಂಟು ಮೋಟಾರಿನಷ್ಟು ವಿದ್ಯುತ್ತು ಎಳೆದು, ಎರಡು ಮೋಟಾರಿನದನ್ನು ಭೀಮಾ ದಂಡೆಯ ಗಾಳಿಗೆ ಕಾಯಿಸುತ್ತಿದ್ದೀರಿ, ಅದೂ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ.

ಈಗ ಅದೇ ಶಕ್ತಿಯನ್ನು ಅದೇ ತಂತಿಯಲ್ಲಿ 11,000 ವೋಲ್ಟ್‌ನಲ್ಲಿ ಕಳಿಸಿದ್ದರೆ ಎಂದು ಲೆಕ್ಕ ಹಾಕು. 57ರ ಬದಲು 1.7 ಆಂಪಿಯರ್ ಸಾಕು. ವೋಲ್ಟೇಜ್ ಏರಿದಷ್ಟೂ ಆಂಪಿಯರ್ ಇಳಿಯುತ್ತದೆ. ಟಿಸಿ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಒಂದನ್ನು ಕೊಟ್ಟು ಒಂದನ್ನು ಪಡೆಯುತ್ತದೆ, ಅಷ್ಟೇ. ದಾರಿಯಲ್ಲಿ ಕಳೆಯುವುದು 11,000ದಲ್ಲಿ ಎರಡು ವೋಲ್ಟ್ ಚಿಲ್ಲರೆ. ಶಾಖ ಏಳು ಕಿಲೋವ್ಯಾಟ್ ಅಲ್ಲ, ಆರೇಳು ವ್ಯಾಟ್. ರಾತ್ರಿ ಉರಿಸುವ ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಎಲ್‌ವಿಯ ಎಂಟು ಸುತ್ತಿನಿಂದ ಆಗದ ಕೆಲಸ ಇಲ್ಲಿದೆ: ಟಿಸಿಯನ್ನೇ ಮೋಟಾರುಗಳ ಹತ್ತಿರಕ್ಕೆ ತರುವುದು.

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ 210 ಮೆಗಾವ್ಯಾಟ್ ಯಂತ್ರಗಳು 15,750 ವೋಲ್ಟ್‌ನಲ್ಲಿ ಉತ್ಪಾದಿಸಿದ್ದನ್ನು ಅಂಗಳದಲ್ಲೇ ಏರಿಸಿ ಲೈನಿಗೆ ಕೊಡುವುದೂ ಇದೇ ಲೆಕ್ಕದ ಮೇಲೆ. ನಿಮ್ಮ ಹೊಲಕ್ಕೆ ಬಂದಾಗ ಮಾತ್ರ 800 ಮೀಟರ್ ಮೊದಲೇ ಇಳಿಸಿಬಿಟ್ಟಿದ್ದಾರೆ.

ಮಾಡಬೇಕಾದದ್ದು ಹೇಳುತ್ತೇನೆ. ಆರೂ ಜನ ಸೇರಿ, 11 ಕೆವಿ ಲೈನನ್ನು ತುದಿಯವರೆಗೆ ಎಳೆದು ಅಲ್ಲಿ ಟಿಸಿ ಕೊಡಿ ಎಂದು ಲಿಖಿತ ಅರ್ಜಿ ಕೊಡಿ. ಐದು ಎಚ್‌ಪಿ ಮೋಟಾರೊಂದು ಐದೂವರೆ ಕೆವಿಎ ಎಳೆಯುತ್ತದೆ, ಆರಕ್ಕೆ 33. ಒಂದು 25 ಕೆವಿಎಗೆ ಇದು ಭಾರ. ಎರಡು 25 ಕೇಳಿ, ಮೂರು ಮೂರು ಮೋಟಾರು ಹಂಚಿಕೊಳ್ಳಿ. ಒಂದು ಸುಟ್ಟರೆ ಆರೂ ಹೊಲ ಒಣಗುವುದಿಲ್ಲ. ಅರ್ಜಿಯಲ್ಲಿ ಬರೀ ‘ವೋಲ್ಟೇಜ್ ಇಲ್ಲ’ ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. 428, 405, 332, 57, 800 ಮೀಟರ್ ವೀಸೆಲ್ ಎಂದು ಬರೆಯಿರಿ. ಓದುವ ಎಂಜಿನಿಯರಿಗೆ ಉಳಿದದ್ದು ಅರ್ಥವಾಗುತ್ತದೆ. ಅದು ಆಗದು ಎಂದರೆ ವೀಸೆಲ್ ತೆಗೆದು ರ‍್ಯಾಬಿಟ್ ಎಳೆಯಲು ಕೇಳಿ. ಅದಕ್ಕೆ ಕಿಲೋಮೀಟರಿಗೆ 0.54 ಓಮ್, ಕಳೆಯುವುದು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ.

ಅಲ್ಲಿಯವರೆಗೆ ಕೈಯಲ್ಲಿರುವುದು ಕೆಪ್ಯಾಸಿಟರ್. ಮೋಟಾರು ತನ್ನ ಅಯಸ್ಕಾಂತಕ್ಕೆಂದು ಲೈನಿನಿಂದ ಎಳೆಯುವ ಪ್ರವಾಹದ ಒಂದು ಪಾಲನ್ನು ಅದು ಅಲ್ಲೇ ಒದಗಿಸುತ್ತದೆ. ಐದು ಎಚ್‌ಪಿಗೆ ಮೂರು ಫೇಸಿನ 2 ಕೆವಿಎಆರ್ (ಕೆಪ್ಯಾಸಿಟರಿನ ಅಳತೆ) ಎಂದು ಕೇಳಿ ತೆಗೆದುಕೋ. ಸ್ಟಾರ್ಟರಿನಿಂದ ಮೋಟಾರಿನ ಕಡೆಗೆ ಜೋಡಿಸಬೇಕು, ಮೋಟಾರು ನಿಂತರೆ ಅದೂ ನಿಲ್ಲುವಂತೆ. ಆಂಪಿಯರ್ ನೂರಕ್ಕೆ ಹದಿನೈದರ ಸುಮಾರು ಇಳಿಯುತ್ತದೆ. ಒಬ್ಬನೇ ಹಾಕಿಸಿದರೆ ಲಾಭ ತಿಳಿಯುವುದಿಲ್ಲ, ಆರೂ ಮಂದಿ ಹಾಕಿಸಬೇಕು. ಮತ್ತೆ ವಿದ್ಯುತ್ತು ಬಂದೊಡನೆ ಆರೂ ಜನ ಒಟ್ಟಿಗೆ ಗುಂಡಿ ಒತ್ತುವುದನ್ನು ಬಿಡಿ. ಹೊರಡುವಾಗ ಮೋಟಾರು ಓಡುವಾಗಿನ ಐದಾರು ಪಟ್ಟು ಎಳೆಯುತ್ತದೆ. ಇನ್ನು 332 ವೋಲ್ಟ್‌ನಲ್ಲಿ ಅದರ ತಿರುಗುಬಲ 415ರಲ್ಲಿ ಇರುವುದರ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಗುಂಯ್ ಎನ್ನುವುದು ಅದಕ್ಕೇ.

ಭೀಮಾದಂಡೆ (ಅಫಜಲಪುರ ತಾಲ್ಲೂಕು)

ಕೂಡಿಸಿದ್ದ ಹಣವನ್ನು ಕೆಪ್ಯಾಸಿಟರಿಗೆ ತಿರುಗಿಸಿದ್ದೇವೆ ಕಾಕಾ. ಐದು ಮಂದಿ ಒಪ್ಪಿದ್ದಾರೆ, ಆರನೆಯವನು ‘ನಿಮ್ಮದು ಹಾಕಿ, ಆಮೇಲೆ ನೋಡೋಣ’ ಎನ್ನುತ್ತಿದ್ದಾನೆ. ಅರ್ಜಿ ಬರೆಯಲು ಕುಳಿತಿದ್ದೇನೆ. ಆರೂ ಪಂಪ್‌ಸೆಟ್ಟುಗಳ ಆರ್‌ಆರ್ ನಂಬರ್ ಬೇಕಂತೆ. ಒಬ್ಬರದು ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅದನ್ನು ಮೊದಲು ಬದಲಾಯಿಸಿಕೊಳ್ಳಬೇಕೋ, ಹಾಗೆಯೇ ಬರೆದು ಕೊಟ್ಟರೆ ನಡೆಯುತ್ತದೆಯೋ, ಗೊತ್ತಿದ್ದವರು ತಿಳಿಸಿ.